ಮರುಕ ಸಾಕು, ಮಾರ್ಕು ಕೊಡಿ

ಮನೆಯಲ್ಲೇ ಕೂತು ಬ್ಲೌಸು, ಚೂಡಿದಾರ ಹೊಲಿದುಕೊಡುವ ಹೆಂಗಸು ರಾತ್ರಿ ಊಟದ ಮೇಲೆ ಟೀವಿಯ ಹೊಲಿಗೆ ಸ್ಪರ್ಧೆ ಹಾಕಿಕೊಂಡು ಕೂತರೆ ಎರಡು ನಮೂನೆಯ ಜನಕ್ಕೆ ಸಿಟ್ಟು ಬರುತ್ತದೆ. ಒಂದು, ಮನೆಯವರಿಗೆ. "ಹಗಲಿಡೀ ಮಿಶನ್ನಿನ ಮುಂದೆ ಇದ್ದದ್ದು ಸಾಕಾಗ್ಲಿಲ್ವಾ?" ಎಂಬ ಅವರ ಪ್ರಶ್ನೆಯಲ್ಲಿ ನ್ಯಾಯವಿದೆ, ಅದಕ್ಕೆ ನಾನು ಹೆಡ್‌ಫೋನು ಹಾಕಿಕೊಂಡು ಉತ್ತರ ಕೊಡುತ್ತೇನೆ. ಇನ್ನೊಂದು, ಓದಿಕೊಂಡವರಿಗೆ. ರಿಯಾಲಿಟಿ ಶೋ ಅಂದರೆ ಮಾರುಕಟ್ಟೆಯ ಕಣ್ಕಟ್ಟು, ದುಡಿಮೆಯನ್ನು ತಮಾಷೆ ಮಾಡಿ ಮಾರುವ ಉಪಾಯ, ಅದರಲ್ಲೂ ಇಂಗ್ಲೆಂಡಿನವರ ಹವ್ಯಾಸದ ಹೊಲಿಗೆಗೂ ನಮ್ಮ ಹೆಂಗಸರ ಹೊಟ್ಟೆಪಾಡಿನ ಹೊಲಿಗೆಗೂ ಎಲ್ಲಿಯ ಸಂಬಂಧ ಎಂಬುದು ಅವರ ತಕರಾರು. ಇದನ್ನು ಭಾಷಣದಲ್ಲಿ ಕೇಳಿದ್ದೇನೆ. ಅಳತೆ ಕೊಡಲು ಬಂದ ಉಪನ್ಯಾಸಕಿಯೊಬ್ಬರ ಬಾಯಲ್ಲೂ, ಅವರ ಭುಜಕ್ಕೆ ಟೇಪು ಹಿಡಿದುಕೊಂಡೇ, ಕೇಳಿದ್ದೇನೆ. ನನ್ನ ಜಗಳ ಇವರ ಜೊತೆ.

ನಾನು ನೋಡುವುದು ಬಿಬಿಸಿಯ 'ದಿ ಗ್ರೇಟ್ ಬ್ರಿಟಿಷ್ ಸೂಯಿಂಗ್ ಬೀ'. 2013ರಲ್ಲಿ ಶುರುವಾದದ್ದು. ನಮ್ಮ ಟೀವಿಯಲ್ಲಿ ಹಾಡಿಗೆ, ಕುಣಿತಕ್ಕೆ, ಅಡುಗೆಗೆ, ನಗಿಸುವುದಕ್ಕೆ, ಒಂದೇ ಮನೆಯಲ್ಲಿ ಕೂಡಿಹಾಕಿ ಜಗಳವಾಡಿಸುವುದಕ್ಕೆ ಎಲ್ಲದಕ್ಕೂ ಸ್ಪರ್ಧೆ ಇದೆ. ನನ್ನ ಕೆಲಸದ್ದು ನೋಡಬೇಕೆಂದರೆ ಫೋನಿನಲ್ಲಿ ತುಂಡು ತುಂಡಾಗಿ ಸಿಕ್ಕಿದ ಈ ಇಂಗ್ಲಿಷ್ ಸ್ಪರ್ಧೆಯೇ ಗತಿ. ಮಾತು ಅರ್ಧ ತಪ್ಪಿದರೂ ಪರವಾಗಿಲ್ಲ, ಕೈ ಕಾಣುತ್ತದಲ್ಲ. ಪ್ರತಿ ವಾರ ಮೂರು ಸುತ್ತು. ಮೊದಲನೆಯದರಲ್ಲಿ ಎಲ್ಲರಿಗೂ ಒಂದೇ ಪ್ಯಾಟರ್ನ್. ಎರಡನೆಯದರಲ್ಲಿ ಹಳೆಯ ಬಟ್ಟೆಯನ್ನು ಕತ್ತರಿಸಿ ಬೇರೆ ಏನಾದರೂ ಮಾಡಬೇಕು. ಮೂರನೆಯದರಲ್ಲಿ ನಿಜವಾದ ಮನುಷ್ಯರ ಮೈಗೆ ಅಳತೆಯ ಪ್ರಕಾರ ಹೊಲಿಯಬೇಕು. ಸ್ಪರ್ಧಿಗಳೆಲ್ಲ ಮನೆಹೊಲಿಗೆಯವರು. ಮೊದಲ ವರ್ಷ ಗೆದ್ದ ಆನ್ ರೌಲಿಗೆ 81 ವರ್ಷ. 2023ರಲ್ಲಿ ಗೆದ್ದ ಅಸ್ಮಾ ಅಲ್-ಅಲ್ಲಾಕ್ ಸ್ತನ ಶಸ್ತ್ರಚಿಕಿತ್ಸೆಯ ವೈದ್ಯೆ. ತೀರ್ಪುಗಾರರಲ್ಲಿ ಪ್ಯಾಟ್ರಿಕ್ ಗ್ರಾಂಟ್ ಲಂಡನ್ನಿನ ಸ್ಯಾವಿಲ್ ರೋ ಎಂಬ ಸೂಟು ಹೊಲಿಯುವವರ ಬೀದಿಯಲ್ಲಿ ಅಂಗಡಿ ನಡೆಸಿದವರು. 2016ರಲ್ಲಿ ಬಂದ ಎಸ್ಮೆ ಯಂಗ್ ಸಿನಿಮಾಗಳಿಗೆ ಉಡುಪು ಮಾಡಿಕೊಟ್ಟವರು, ಫ್ಯಾಷನ್ ಶಾಲೆಯಲ್ಲಿ ಪಾಠ ಹೇಳಿದವರು.

ನನಗೆ ಖುಷಿ ಕೊಡುವುದು ಯಾರು ಗೆದ್ದರು ಎಂಬುದಲ್ಲ. ತೀರ್ಪಿನ ಹೊತ್ತಿನಲ್ಲಿ ಈ ಇಬ್ಬರು ಉಡುಪಿನ ಹತ್ತಿರ ಹೋಗಿ, ಅಂಚನ್ನು ಎತ್ತಿ, ಒಳಗಡೆ ನೋಡುತ್ತಾರೆ. ತೋಳು ಕೂಡಿಸಿದಲ್ಲಿ ಬೆರಳಾಡಿಸುತ್ತಾರೆ. ಎಡಗಡೆಯ ಗೆರೆ ಬಲಗಡೆಯ ಗೆರೆಗೆ ಕೂಡಿದೆಯೇ, ಜಿಪ್ಪಿನ ಬುಡದಲ್ಲಿ ಬಟ್ಟೆ ಉಬ್ಬಿದೆಯೇ, ಬಟ್ಟೆಯ ಎಳೆ ನೇರಕ್ಕೆ ಬಿದ್ದಿದೆಯೇ ಅಥವಾ ಅಡ್ಡಹಾದಿ ಹಿಡಿದಿದೆಯೇ, ಇದನ್ನೆಲ್ಲ ಹೆಸರಿಟ್ಟು ಹೇಳುತ್ತಾರೆ. ಕೆಟ್ಟದ್ದಾದರೆ ಕೆಟ್ಟದ್ದು ಎನ್ನುತ್ತಾರೆ. ಎದುರಿಗೆ ನಿಂತವಳು ಪಾಪದವಳು, ಮಕ್ಕಳಿದ್ದಾರೆ, ಬಿಡುವು ಮಾಡಿಕೊಂಡು ಕಲಿತಿದ್ದಾಳೆ ಎಂದು ಅರ್ಧ ಅಂಕ ಹೆಚ್ಚು ಕೊಡುವುದಿಲ್ಲ. ಹೊಲಿಗೆಯನ್ನು ಹೀಗೆ ನೋಡುವುದನ್ನು ನಾನು ಕಂಡದ್ದು ಅಲ್ಲೇ ಮೊದಲು.

ನಮ್ಮ ಜನಕ್ಕೆ ತೀರ್ಪು ಕೊಡಲು ಬರುವುದಿಲ್ಲವೆಂದಲ್ಲ. ನಾನಿರುವುದು ಹೊನ್ನಾವರದಲ್ಲಿ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಮೇಳ ಕಟ್ಟಿದ ತಾಲೂಕು ಇದು. ಇಲ್ಲಿ ಆಟ ನೋಡಿ ಬಂದವರು ಬೆಳಿಗ್ಗೆ ಚಾ ಅಂಗಡಿಯಲ್ಲಿ ಕೂತು, ಭಾಗವತರು ಯಾವ ಪದ್ಯದಲ್ಲಿ ಶ್ರುತಿ ಬಿಟ್ಟರು, ಚೆಂಡೆಯವನ ಕೈ ಎಲ್ಲಿ ಭಾರವಾಯಿತು, ಅರ್ಥದಲ್ಲಿ ಯಾರು ಯಾರನ್ನು ಕಟ್ಟಿಹಾಕಿದರು ಎಂದು ಮಧ್ಯಾಹ್ನದ ತನಕ ವಾದಿಸುತ್ತಾರೆ. ಒಬ್ಬರೂ ಶಾಲೆಯಲ್ಲಿ ವಿಮರ್ಶೆ ಕಲಿತವರಲ್ಲ. ಅದೇ ಚರ್ಚೆಯಲ್ಲಿ ವೇಷದ ಕಿರೀಟ ಎಷ್ಟು ಒಪ್ಪುತ್ತಿತ್ತು ಎಂಬ ಮಾತೂ ಬರುತ್ತದೆ. ಆದರೆ ಆ ರಾತ್ರಿಯಿಡೀ ಕುಣಿದು, ಮಂಡಿ ಹಾಕಿ ತಿರುಗಿದರೂ ಕಂಕುಳಲ್ಲಿ ಬಿರಿಯದ ದಗಲೆಯನ್ನು ಯಾರು ಹೊಲಿದರು ಎಂದು ಕೇಳಿದ ಒಬ್ಬ ರಸಿಕನನ್ನೂ ನಾನು ಕಂಡಿಲ್ಲ.

ಹೊಲಿಗೆಯ ವಿಷಯ ಬಂದಾಗ ಅದೇ ಜನಕ್ಕೆ ಬರುವುದು ಮರುಕ. ಇದು ಇವತ್ತಿನ ರೋಗವಲ್ಲ. 1924ರಲ್ಲಿ ಯಂತ್ರಗಳ ಬಗ್ಗೆ ಮಾತಾಡುತ್ತ ಗಾಂಧೀಜಿ ಸಿಂಗರ್ ಹೊಲಿಗೆ ಯಂತ್ರಕ್ಕೆ ವಿನಾಯಿತಿ ಕೊಟ್ಟರು. ಹೆಂಡತಿ ಕೈಯಲ್ಲಿ ಹೊಲಿದು ಹೊಲಿದು ಬಳಲುವುದನ್ನು ಕಂಡು, ಅವಳ ಮೇಲಿನ ಪ್ರೀತಿಯಿಂದ ಸಿಂಗರ್ ಅದನ್ನು ಮಾಡಿದ ಎಂಬ ಕತೆಯನ್ನೂ ಹೇಳಿದರು. ಸಿಂಗರ್ ಮಾಡಿದ್ದು ಬಾಸ್ಟನ್ನಿನ ಒಂದು ಕಾರ್ಯಾಗಾರದಲ್ಲಿ, ಬೇರೆಯವರ ಯಂತ್ರದ ದೋಷ ತಿದ್ದಿ. 1851ರಲ್ಲಿ ಪೇಟೆಂಟ್ ಆಯಿತು. ಆತನ ಸಂಸಾರಗಳ ಸಂಖ್ಯೆ ನೋಡಿದರೆ ಯಾವ ಹೆಂಡತಿಯ ಮೇಲಿನ ಪ್ರೀತಿ ಎಂದು ಕೇಳಬೇಕಾಗುತ್ತದೆ. ಅದಿರಲಿ. ಗಾಂಧೀಜಿಯ ಕತೆಯಲ್ಲೂ ಹೊಲಿಯುವ ಹೆಂಗಸು ಬಳಲುವವಳು, ಯಾರೋ ಕಂಡು ಮರುಗಬೇಕಾದವಳು. ಅವಳು ಏನು ಹೊಲಿಯುತ್ತಿದ್ದಳು, ಚೆನ್ನಾಗಿ ಹೊಲಿಯುತ್ತಿದ್ದಳೇ ಎಂಬುದು ಕತೆಯೊಳಗೆ ಇಲ್ಲ.

ಈಗಿನ ಕತೆಯಲ್ಲೂ ಇಲ್ಲ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಒಂದು. ಕೆಲವು ದಿನದ ತರಬೇತಿ, ದಿನಕ್ಕೆ 500 ರೂಪಾಯಿ ಭತ್ಯೆ, ಉಪಕರಣಕ್ಕೆ 15,000 ರೂಪಾಯಿಯವರೆಗೆ ನೆರವು, ಒಂದು ಕುಟುಂಬಕ್ಕೆ ಒಬ್ಬರಿಗೆ. ಯೋಜನೆ ಬೇಡ ಎನ್ನಲು ನನಗೇನು ಹುಚ್ಚೇ? ಕಾಲಲ್ಲಿ ತುಳಿಯುವ ಮಿಶನ್ನಿನಿಂದ ಮೋಟಾರಿನ ಮಿಶನ್ನಿಗೆ ಹೋದವಳ ಮೊಣಕಾಲಿಗೆ ಗೊತ್ತು ಅದರ ಬೆಲೆ. ಆದರೆ ಹೊಲಿಗೆ ಯಂತ್ರ ವಿತರಣೆ ಎಂದೊಡನೆ ನಿಮ್ಮ ಕಣ್ಣಮುಂದೆ ಬರುವ ಚಿತ್ರ ಯಾವುದು ಹೇಳಿ. ವೇದಿಕೆ, ಸಾಲಾಗಿ ಇಟ್ಟ ಮಿಶನ್ನುಗಳು, ಅದರ ಹಿಂದೆ ಸೆರಗು ಹೊದ್ದು ನಿಂತ ಹೆಂಗಸರು, ಬ್ಯಾನರಿನಲ್ಲಿ 'ಸ್ವಾವಲಂಬನೆ'. ಆರು ತಿಂಗಳು ಬಿಟ್ಟು ಅದೇ ವೇದಿಕೆಗೆ ಅದೇ ಹೆಂಗಸರನ್ನು ಕರೆದು, ನೀವು ಹೊಲಿದದ್ದನ್ನು ತನ್ನಿ, ನೋಡೋಣ, ಇದರ ಕುತ್ತಿಗೆ ಯಾಕೆ ಬಾಯಿಬಿಟ್ಟಿದೆ, ಇದರ ಪೈಪಿಂಗ್ ಎಷ್ಟು ಸಣ್ಣಗೆ ಕೂತಿದೆ ಎಂದು ಮಾತಾಡಿದ ಕಾರ್ಯಕ್ರಮದ ಫೋಟೋ ನೀವು ನೋಡಿದ್ದೀರಾ?

ಸಾಹಿತ್ಯದವರೂ ಕಮ್ಮಿಯಿಲ್ಲ. ಕಾಯಕದ ಬಗ್ಗೆ ಮಾತಾಡದೆ ನಮ್ಮಲ್ಲಿ ಭಾಷಣ ಮುಗಿಯುವುದಿಲ್ಲ. ಶರಣರಲ್ಲಿ ನೇಯುವ ಜೇಡರ ದಾಸಿಮಯ್ಯ, ನೂಲುವ ಕದಿರ ರೆಮ್ಮವ್ವೆ, ಹೆಸರಿನಲ್ಲೇ ಸೂಜಿ ಇಟ್ಟುಕೊಂಡ ಸೂಜಿಕಾಯಕದ ರಾಮಿತಂದೆ ಇದ್ದಾರೆ. ಕಾಯಕ ದೊಡ್ಡದು ಎಂದು ಹೇಳುವವರಿಗೆ ಕಾಯಕದಲ್ಲಿ ಒಳ್ಳೆಯದು ಯಾವುದು, ಕಳಪೆ ಯಾವುದು ಎಂದು ನೋಡುವ ವ್ಯವಧಾನ ಮಾತ್ರ ಇಲ್ಲ. ಕತೆ ಕಾದಂಬರಿಗಳಲ್ಲಿ ಹೊಲಿಗೆ ಮಿಶನ್ನು ಬಂತೆಂದರೆ ನನಗೆ ಗೊತ್ತಾಗಿಬಿಡುತ್ತದೆ: ಇವಳ ಗಂಡ ಸತ್ತಿದ್ದಾನೆ, ಇಲ್ಲ ಬಿಟ್ಟು ಹೋಗಿದ್ದಾನೆ. ಮಿಶನ್ನಿನ ಸದ್ದು ಕಷ್ಟದ ಹಿನ್ನೆಲೆ ಸಂಗೀತ. ಕುಪ್ಪಸದ ತೋಳನ್ನು ಮೂರನೇ ಸಲ ಬಿಚ್ಚಿ ಹಾಕುವಾಗ ಒಬ್ಬಳ ತಲೆಯಲ್ಲಿ ಓಡುವ ಲೆಕ್ಕ ಯಾರಿಗೂ ಕತೆಯಾಗಿ ಕಂಡಿಲ್ಲ.

ನಮ್ಮ ಜಿಲ್ಲೆಯಲ್ಲೇ, ಘಟ್ಟದ ಮೇಲೆ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆ ಸಿದ್ದಿ ಹೆಂಗಸರು ಕೌದಿ ಹೊಲಿಯುತ್ತಾರೆ. ಹಳೆ ಸೀರೆ, ಲುಂಗಿ, ಲಂಗಗಳ ತುಂಡು. ಅಂಚಿನಿಂದ ಶುರುಮಾಡಿ ಸುತ್ತುತ್ತ ಒಳಕ್ಕೆ ಬರುವ ಓಟದ ಹೊಲಿಗೆ. ಮೂಲೆಗಳಲ್ಲಿ ಮಡಿಸಿ ಕೂಡಿಸಿದ ತ್ರಿಕೋನ, ಅದಕ್ಕೆ ಫೂಲ ಎನ್ನುತ್ತಾರೆ. ಅದಿಲ್ಲದ ಕೌದಿ ಅವರಿಗೆ ಬೆತ್ತಲೆ. ಇದೊಂದು ತೀರ್ಪು ನೋಡಿ! ಬೆಚ್ಚಗಾದರೆ ಸಾಕು ಎಂದು ಅವರು ಬಿಡಲಿಲ್ಲ, ಯಾವುದು ಪೂರ್ತಿ ಯಾವುದು ಅರೆ ಎಂದು ಅವರೇ ಗೆರೆ ಎಳೆದರು. ಆ ಕೌದಿಗಳನ್ನು ಕಲೆಯೆಂದು ಗೋಡೆಗೆ ತೂಗುಹಾಕಿ ನೋಡಲು ಹೆನ್ರಿ ಡ್ರೂವಲ್ ಎಂಬ ಅಮೆರಿಕದ ಕಲಾ ಇತಿಹಾಸಕಾರ ಬರಬೇಕಾಯಿತು, ಪ್ರದರ್ಶನ ಅಮೆರಿಕದಲ್ಲಿ ಆಗಬೇಕಾಯಿತು. ಘಟ್ಟ ಇಳಿದರೆ ನಾವಿದ್ದೇವೆ, ನಮಗೆ ಅದು ಹಾಸಿ ಮಲಗುವ ಬಟ್ಟೆ.

ಇನ್ನು ಹವ್ಯಾಸ–ಹೊಟ್ಟೆಪಾಡಿನ ತಕರಾರು. ಇದರಲ್ಲಿ ಹುರುಳಿದೆ, ಆದರೆ ತಕರಾರು ತೆಗೆಯುವವರು ಅಂದುಕೊಂಡಲ್ಲಿ ಇಲ್ಲ. ಆ ಸ್ಪರ್ಧೆಗೆ ಹೋದವರು ತಮಗಾಗಿ, ಮಕ್ಕಳಿಗಾಗಿ, ಇಷ್ಟಕ್ಕಾಗಿ ಹೊಲಿಯುವವರು. ನಾನು ದುಡ್ಡು ತೆಗೆದುಕೊಳ್ಳುತ್ತೇನೆ, ಹಾಗಾಗಿ ಅಲ್ಲಿ ನನಗೆ ಜಾಗವಿಲ್ಲ. ಇಲ್ಲಿ ಪೇಟೆಯ ಅಂಗಡಿ ಟೈಲರಿಗೆ ನಾನು ಟೈಲರಲ್ಲ, 'ಮನೇಲಿ ಹೊಲಿಯೋರು'. ಅಂಗಡಿಯಲ್ಲಿ ಕೇಳಿದಷ್ಟು ಕೊಟ್ಟು ಬರುವವರು ನಮ್ಮ ಜಗಲಿಯಲ್ಲಿ ಕೂತು ಹತ್ತು ರೂಪಾಯಿಗೆ ಚೌಕಾಸಿ ಮಾಡುತ್ತಾರೆ. ಮನೆಯಲ್ಲಿದ್ದುಕೊಂಡೇ ಮಾಡಿದ್ದಲ್ಲವಾ, ಬಾಡಿಗೆ ಇಲ್ಲ, ಕರೆಂಟೂ ಮನೆಯದೇ ಎಂಬ ವಾದ. ಹಾಗಿದ್ದೂ ಭಟ್ಕಳದಿಂದ ಕುಮಟಾದವರೆಗೆ ನಮ್ಮಂಥವರಿಗೆ ಕೆಲಸಕ್ಕೆ ಬರಗಾಲವಿಲ್ಲ. ಗಂಡಸರ ಅಂಗಡಿಯಲ್ಲಿ ಅಳತೆ ಕೊಡಲು ಒಲ್ಲದ ಹೆಂಗಸರು ಎಲ್ಲ ಜಾತಿಯಲ್ಲೂ ಇದ್ದಾರೆ. ರಂಜಾನಿಗೆ ಮೊದಲು ಭಟ್ಕಳದ ಕಡೆಯಿಂದ ಬಸ್ಸಿನಲ್ಲಿ ಕೈಚೀಲ ಬರುತ್ತದೆ: ದುಬೈಯಿಂದ ಯಾರೋ ತಂದ ಕರಿ ನಿದಾ ಬಟ್ಟೆ, ಒಂದು ಅಳತೆಯ ಬುರ್ಖಾ, ಒಂದು ಚೀಟಿ. ನಿದಾ ನೋಡಲು ಚೆಂದ, ಹೊಲಿಯಲು ಹಾವು. ಸಣ್ಣ ಸೂಜಿ ಹಾಕಿ, ದಾರ ಸಡಿಲ ಮಾಡಿ, ಎರಡೂ ಕಡೆ ಹಿಡಿದುಕೊಂಡು ಬಿಟ್ಟರೆ ಮಾತ್ರ ಸುಕ್ಕಿಲ್ಲದೆ ಓಡುತ್ತದೆ. ಕುಮಟಾದ ಮದುವೆ ಮನೆಯವರದ್ದು ಬೇರೆ ಗಡಿಬಿಡಿ. ಬ್ಲೌಸಿನ ಲೈನಿಂಗನ್ನು ಮೊದಲು ನೀರಲ್ಲಿ ನೆನೆಸಿ ಒಣಗಿಸಬೇಕು, ಇಲ್ಲವಾದರೆ ಮೊದಲ ಒಗೆತಕ್ಕೆ ಅದು ಕುಗ್ಗಿ ಮೇಲಿನ ರೇಷ್ಮೆ ಗುಬ್ಬಿಗಟ್ಟುತ್ತದೆ. ಆಷಾಢದ ಮಳೆಯಲ್ಲಿ ಒಂದು ಮೀಟರ್ ಲೈನಿಂಗ್ ಒಣಗಲು ಮೂರು ದಿನ ಬೇಕು ಎಂಬುದನ್ನು ಶ್ರಾವಣದ ಮದುವೆಯವರಿಗೆ ತಿಳಿಸಿ ಹೇಳುವುದು ಹೊಲಿಗೆಗಿಂತ ದೊಡ್ಡ ವಿದ್ಯೆ.

ಆ ಸ್ಪರ್ಧೆಯ ತೀರ್ಪನ್ನೇ ಇಲ್ಲಿಗೆ ತಂದು ಹೇರಿ ಎಂದೂ ನಾನು ಹೇಳುತ್ತಿಲ್ಲ. ಅದರ ಗಡಿಯಾರ ಸುಳ್ಳು. ಇಷ್ಟು ಗಂಟೆಯೊಳಗೆ ಮುಗಿಸಿ ಎಂದು ಓಡಿಸಿದರೆ ಒಳ್ಳೆಯ ಕೈಯೂ ಕೆಡುತ್ತದೆ. ಬಿಚ್ಚಿ ಹೊಲಿಯಲು ಸಮಯ ಇರುವುದೇ ಮನೆಹೊಲಿಗೆಯ ಬಲ. ಹಳೆ ಬಟ್ಟೆಯ ಸುತ್ತು ನೋಡುವಾಗಲಂತೂ ನಗು ಬರುತ್ತದೆ. ಅಮ್ಮನ ಸೀರೆಯಿಂದ ಮಗಳ ಲಂಗ, ಲಂಗದಿಂದ ದಿಂಬಿನ ಚೀಲ, ಚೀಲದಿಂದ ನೆಲ ಒರೆಸುವ ಬಟ್ಟೆ ಮಾಡಿದವರ ಮುಂದೆ ಅದನ್ನೊಂದು ಸವಾಲು ಎನ್ನುತ್ತಾರೆ.

ದೊಡ್ಡ ವ್ಯತ್ಯಾಸ ಇರುವುದು ಒಳಗಡೆ. ಅವರಿಗೆ ಒಳಗಿನ ಅಂಚು ಸಣ್ಣಗೆ ಕತ್ತರಿಸಿ, ಮಡಿಸಿ, ಕಾಣದ ಹಾಗೆ ಮುಚ್ಚಿರಬೇಕು. ನಾನು ಬ್ಲೌಸಿನ ಪಕ್ಕದಲ್ಲಿ ಎರಡೂ ಕಡೆ ಒಂದೂವರೆ ಇಂಚು ಬಟ್ಟೆ ಒಳಗೆ ಬಿಡುತ್ತೇನೆ. ಅದರ ಮೇಲೆ ಒಂದಲ್ಲ, ಮೂರು ಸಾಲು ಹೊಲಿಗೆ. ಮದುವೆಗೆ ಹೊಲಿಸಿದ ಬ್ಲೌಸು ಬಾಣಂತನದ ನಂತರ ಒಂದು ಸಾಲು ಬಿಚ್ಚುತ್ತದೆ, ಎರಡನೇ ಮಗುವಿಗೆ ಇನ್ನೊಂದು, ಮಗಳ ಮದುವೆಯ ಹೊತ್ತಿಗೆ ಮೂರನೆಯದು. ಕಾಯಿಲೆ ಬಿದ್ದು ಇಳಿದುಹೋದರೆ ಮತ್ತೆ ಒಳಕ್ಕೆ. ಪ್ಯಾಟ್ರಿಕ್ ಗ್ರಾಂಟ್ ನೋಡಿದರೆ ದಪ್ಪವಾಯಿತು ಎಂದಾರು. ನಾನು ಒಪ್ಪುವುದಿಲ್ಲ. ಆ ಮಡಿಕೆಯನ್ನು ದಪ್ಪ ಕಾಣದ ಹಾಗೆ, ಕಂಕುಳಲ್ಲಿ ಚುಚ್ಚದ ಹಾಗೆ ಕೂರಿಸುವುದರಲ್ಲೇ ಇಲ್ಲಿಯ ಕೈಗಾರಿಕೆ ಇದೆ. ಇಪ್ಪತ್ತು ವರ್ಷದ ಮೈಯನ್ನು ಮೊದಲೇ ಎಣಿಸಿ ಕತ್ತರಿ ಹಾಕಬೇಕು, ಅದೂ 80 ಸೆಂಟಿಮೀಟರ್ ಕಣದಲ್ಲಿ. ಇದನ್ನು ಅಳೆಯುವ ಮಾತುಗಳು ನಮ್ಮಲ್ಲೇ ಹುಟ್ಟಬೇಕು. ಅವು ಹುಟ್ಟುವುದು ಯಾರಾದರೂ ಬ್ಲೌಸನ್ನು ತಿರುಗಿಸಿ ಹಿಡಿದು ನಾಲ್ಕು ಜನರೆದುರು ಮಾತಾಡಿದಾಗ. ಒಳ್ಳೆಯದಕ್ಕೂ ಕಳಪೆಗೂ ವ್ಯತ್ಯಾಸ ಹೇಳುವ ಬಾಯಿ ಇಲ್ಲದ ಕಡೆ ಎರಡಕ್ಕೂ ಒಂದೇ ದರ. ಹತ್ತು ರೂಪಾಯಿಯ ಚೌಕಾಸಿಗೆ ನಮ್ಮ ಜಗಲಿಯಲ್ಲಿ ಉತ್ತರ ಇಲ್ಲದಿರುವುದು ಅದಕ್ಕೇ. ಸ್ವಾವಲಂಬನೆಯ ಬ್ಯಾನರು ಕಟ್ಟಿದವರು ಯೋಚಿಸಬೇಕಾದದ್ದೂ ಇದನ್ನೇ.

ಕನ್ನಡದ ಯಾವುದಾದರೂ ಚಾನಲ್ಲಿಗೆ ಧೈರ್ಯ ಬಂದರೆ ಮೂರು ಸುತ್ತು ನಾನೇ ಹೇಳಿಕೊಡುತ್ತೇನೆ. ಮೊದಲನೆಯದು ನಿದಾ. ಎರಡನೆಯದು ಜೂನ್ ತಿಂಗಳಲ್ಲಿ, ಕರೆಂಟು ಹೋದಾಗ, ಕೈಹೊಲಿಗೆಯಲ್ಲಿ ಸೀರೆಗೆ ಫಾಲು. ಮೂರನೆಯದಕ್ಕೆ ಎಂಟು ವರ್ಷ ಹಳೆಯ ಒಂದು ಅಳತೆ ಬ್ಲೌಸು ಕೊಡಿ, ಅದರ ಒಡತಿಯನ್ನು ಈಗಿನ ಮೈಯಲ್ಲಿ ಎದುರಿಗೆ ನಿಲ್ಲಿಸಿ, "ಇದೇ ಅಳತೆಗೆ ಹೊಲೀರಿ, ನಾ ಏನೂ ದಪ್ಪ ಆಗ್ಲಿಲ್ಲ" ಎಂದು ಅವಳ ಬಾಯಲ್ಲಿ ಹೇಳಿಸಿ. ತೀರ್ಪುಗಾರರಿಗಾಗಿ ಸಿನಿಮಾದವರ ಮನೆ ಬಾಗಿಲಿಗೆ ಹೋಗುವುದು ಬೇಡ. ಕಾಸರಕೋಡಿನಲ್ಲಿ ಬುಟ್ಟಿ ಹೊತ್ತು ದಿನಕ್ಕೆ ನೂರು ಸಲ ಕೈ ಮೇಲೆತ್ತುವ ಮೀನು ಮಾರುವ ಹೆಂಗಸರಿದ್ದಾರೆ. ಯಾವ ತೋಳು ರಟ್ಟೆ ಹಿಡಿಯುತ್ತದೆ, ಯಾವುದು ಬೆನ್ನಲ್ಲಿ ಏರುತ್ತದೆ, ಯಾವ ಹೊಲಿಗೆ ಬೆವರಿಗೆ ಕೊಳೆಯುತ್ತದೆ ಎಂದು ಅವರು ಒಂದೇ ಉಸಿರಿಗೆ ಹೇಳುತ್ತಾರೆ, ಯಾರು ಹೊಲಿದದ್ದು ಎಂಬುದನ್ನೂ ಸೇರಿಸಿ.