ಹಾವು ನಮ್ಮದು, ನಿಯಮ ಯಾರದು?



ನಾನು ಡಾಕ್ಟರಲ್ಲ. ಪಿಯುಸಿ ಮುಗಿಸಿ ಅಚ್ಚಿನ ಮೊಳೆ ಜೋಡಿಸಲು ಕೂತವನು. ಯಲ್ಲಾಪುರ ತಾಲೂಕಿನ ವಜ್ರಳ್ಳಿಯವನು. ಆದರೂ ಡಾಕ್ಟರರ ವಿಷಯಕ್ಕೆ ಬಾಯಿ ಹಾಕುತ್ತಿದ್ದೇನೆ. ಕಾರಣ ಕೇಳಿ.

ನಮ್ಮೂರಿನವರೊಬ್ಬರಿಗೆ ತೋಟದಲ್ಲಿ ದರಕು ಗುಡಿಸುವಾಗ ಹಾವು ಕಚ್ಚಿತು. ಒಣ ಎಲೆಯ ಬಣ್ಣದ, ಮೂತಿ ಮೇಲೆತ್ತಿದ ಗಿಡ್ಡ ಹಾವು. ಡಾಕ್ಟರರು ಹಂಪ್ ನೋಸ್ಡ್ ಪಿಟ್ ವೈಪರ್ ಎನ್ನುತ್ತಾರೆ. ಒಂದು ಆಸ್ಪತ್ರೆಯಲ್ಲಿ ಸೀಸೆ ಮೇಲೆ ಸೀಸೆ ವಿಷದ ಮದ್ದು ಏರಿಸಿದರು. ಇನ್ನೊಂದಕ್ಕೆ ಒಯ್ದರೆ ಅಲ್ಲಿನ ತಜ್ಞರು, "ಈ ಹಾವಿಗೆ ಆ ಮದ್ದು ತಾಗುವುದೇ ಇಲ್ಲವಲ್ಲ!" ಎಂದರು. ಜೀವ ಉಳಿಯಿತು. ಆ ವರ್ಷದ ಅಡಿಕೆಯ ದುಡ್ಡು ಉಳಿಯಲಿಲ್ಲ.

ತಜ್ಞರು ಹೇಳಿದ್ದು ಸರಿ. ನಮ್ಮ ದೇಶದಲ್ಲಿ ಸಿಗುವ ಮದ್ದು ನಾಲ್ಕೇ ಹಾವಿನ ವಿಷಕ್ಕೆ: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಆ ಮದ್ದಿಗೆ ಬೇಕಾದ ವಿಷದ ಬಹುಪಾಲು ಬರುವುದು ತಮಿಳುನಾಡಿನ ಇರುಳರ ಸಹಕಾರ ಸಂಘದಿಂದ. (ಇರುಳರ ಮೇಲೆ ನನಗೆ ಜಗಳವಿಲ್ಲ, ಅವರ ಕೈ ಮುಗಿಯಬೇಕು.) ಮಲೆನಾಡಿನ ಈ ಗಿಡ್ಡ ಹಾವು ಆ ಪಟ್ಟಿಯಲ್ಲೇ ಇಲ್ಲ.

ಇದರ ಕಡಿತ ಜೀವ ತೆಗೆಯುವಂಥದ್ದಲ್ಲ ಎಂದೇ ಬಹುಕಾಲ ನಂಬಿದ್ದರು. 2007ರಲ್ಲಿ ಕೇರಳದ ಪ್ರಕರಣಗಳು ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾದವು. ರಕ್ತ ಹೆಪ್ಪುಗಟ್ಟದೆ, ಮೂತ್ರಪಿಂಡ ಕೆಟ್ಟು ಸಾವಿನ ಬಾಗಿಲಿಗೆ ಹೋದವರ ಕಥೆ. ಕಚ್ಚಿದ್ದು ಯಾವ ಹಾವು ಎಂದು ಖಚಿತ ಮಾಡಿಕೊಂಡು ಬರೆದರು, ಲೆಕ್ಕಕ್ಕೆ ಬಂತು. ಕೇರಳದವರು ಬರೆದರು. ನಾವು?

ಚಿಕಿತ್ಸೆಯ ಮಾರ್ಗಸೂಚಿ ಆಕಾಶದಿಂದ ಇಳಿಯುವುದಿಲ್ಲ. ಮೊದಲು ಒಂದು ಪ್ರಶ್ನೆ ಹಾಕಿಕೊಳ್ಳಬೇಕು. ಅದರ ಬಗ್ಗೆ ಅಚ್ಚಾದ ವರದಿಗಳನ್ನೆಲ್ಲ ಹುಡುಕಬೇಕು. ಯಾವುದು ಗಟ್ಟಿ, ಯಾವುದು ಜೊಳ್ಳು ಎಂದು ತೂಗಬೇಕು. ಸಮಿತಿಯಲ್ಲಿ ಕೂತವರು ಔಷಧಿ ಕಂಪನಿಯ ಋಣದಲ್ಲಿದ್ದರೆ ಮೊದಲೇ ಬಾಯಿಬಿಡಬೇಕು. ಹೊಸ ಪುರಾವೆ ಬಂದಾಗ ತಿದ್ದಬೇಕು, ನಾವು ಕರಡಚ್ಚು ತಿದ್ದುವಂತೆ. ಇಂಗ್ಲೆಂಡಿನಲ್ಲಿ 1999ರಲ್ಲಿ ಹುಟ್ಟಿದ ನೈಸ್ ಸಂಸ್ಥೆಯ ಸಮಿತಿಗಳಲ್ಲಿ ಡಾಕ್ಟರಲ್ಲದ ಸಾಮಾನ್ಯರಿಗೂ ಕುರ್ಚಿ ಇದೆ. ದೆಹಲಿಯ ಐಸಿಎಂಆರ್ ಕೂಡ 2019ರಲ್ಲಿ ಚಿಕಿತ್ಸಾ ಕ್ರಮದ ಹಾಳೆಗಳನ್ನು ಹೊರತಂದಿತು. ಒಳ್ಳೆಯದೇ. ಆದರೆ ಅಚ್ಚಾಗದ ಊರು ಇಂಥ ಹಾಳೆಗೆ ಸೇರುವುದು ಹೇಗೆ?

ಪರಿಚಯದ ಎಂ.ಡಿ. ಡಾಕ್ಟರೊಬ್ಬರನ್ನು ಕೇಳಿದೆ. "ಮಾರ್ಗಸೂಚಿ ಓದಿ ಪರೀಕ್ಷೆ ಬರೆದಿದ್ದೇವೆ ಮಾರಾಯ್ರೆ, ಅದನ್ನು ಮಾಡುವುದು ಹೇಗೆಂದು ಯಾರೂ ಕಲಿಸಲಿಲ್ಲ" ಎಂದರು. ನಾಚಿಕೆಗೇಡು! ಎಂ.ಡಿ.ಗೆ ಪ್ರಬಂಧ ಕಡ್ಡಾಯ. ಹುಬ್ಬಳ್ಳಿಯ ನನ್ನ ಪ್ರೆಸ್ ಗೆಳೆಯ ಅವನ್ನು ದಪ್ಪ ರಟ್ಟು ಹಾಕಿ ಬೈಂಡ್ ಮಾಡುತ್ತಾನೆ. ಮತ್ತೆ ತೆರೆಯುವವರಾರು?

ಇನ್ನು ಭಾಷೆಯ ಮಾತು. ಕಚ್ಚಿಸಿಕೊಂಡವರು ಹಾವಿನ ಬಣ್ಣ, ಮೂತಿ, ಉದ್ದ ಎಲ್ಲ ಕನ್ನಡದಲ್ಲಿ ಹೇಳುತ್ತಾರೆ. ಕೇಸ್ ಶೀಟಿನಲ್ಲಿ ಬೀಳುವುದು ಇಂಗ್ಲಿಷಿನ ಎರಡೇ ಶಬ್ದ: 'ಅನ್‌ನೋನ್ ಬೈಟ್'. ಗೊತ್ತಿಲ್ಲದ ಕಡಿತ! ಹೇಳಿದವನಿಗೆ ಗೊತ್ತಿತ್ತು ಸ್ವಾಮಿ, ಬರೆದವನಿಗೆ ಕೇಳಿಸಲಿಲ್ಲ. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಆ ವರದಿಯಲ್ಲೂ ಇದೇ ಎರಡು ಶಬ್ದ ತುಂಬಿದರೆ ಏನು ಬಂತು?

ಬೆಂಗಳೂರಿನ ಫ್ಲಾಟಿನಲ್ಲಿ ಹಾವಿಲ್ಲ ಎನ್ನಬೇಡಿ. ನಿಮ್ಮ ಅಪ್ಪ ಅಮ್ಮ ಇನ್ನೂ ತೋಟದಲ್ಲಿದ್ದಾರೆ. 1996ರಲ್ಲಿ ಶುರುವಾದ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯ ನಿಮ್ಮೂರಲ್ಲೇ ಇದೆ. ಹೋಗಿ ಕೇಳಿ. ತಜ್ಞರಾಗುವವರಿಗೆ ಮಾರ್ಗಸೂಚಿ ಕಟ್ಟುವ ತರಬೇತಿ ಕೊಡಿ, ರೋಗಿಯ ಕನ್ನಡದ ಮಾತನ್ನು ಇದ್ದಂತೆ ದಾಖಲಿಸುವುದನ್ನು ಅದರಲ್ಲಿ ಸೇರಿಸಿ, ಸಮಿತಿಯಲ್ಲಿ ತೋಟದ ಆಳಿಗೂ ಒಂದು ಕುರ್ಚಿ ಹಾಕಿ ಎಂದು. ಮನವಿಪತ್ರ ನಾನು ಅಚ್ಚು ಹಾಕಿ ಕಳಿಸುತ್ತೇನೆ, ಕಾಸು ಬೇಡ. ಸಹಿ ನೀವು ಹಾಕಿ.