ಹುಲ್ಲು ಉಳಿಯಬೇಕಾದರೆ ಡಾಂಬರು ಬರಲಿ

ಮಂಗೋಲಿಯಾಕ್ಕೆ ಬೈಕ್ ಸವಾರಿಗೆಂದು ಹೋಗುವವರ ಬಾಯಲ್ಲಿ ಈಗ ಒಂದೇ ಕೊರಗು: ಅಲ್ಲಿಗೂ ಡಾಂಬರು ಬಂತು, ಇನ್ನೇನು ಉಳಿಯಿತು? ಉಲಾನ್‌ಬಾತರ್‌ನಿಂದ ಪಶ್ಚಿಮದ ಖೋವ್ದ್ ಕಡೆಗೆ ಒಂದು ಕಾಲಕ್ಕೆ ಬರೀ ಮಣ್ಣಿನ ಜಾಡುಗಳಿದ್ದವು. ಈಗ ಆ ದಾರಿ ಬಹುಪಾಲು ಟಾರು. ಬಾಡಿಗೆ ಬೈಕಿನಲ್ಲಿ ಆ ದೇಶದ ಟಾರು, ಮಣ್ಣು ಎರಡರ ಮೇಲೂ ಓಡಾಡಿ ಬಂದವಳು ನಾನು. ಟಾರು ಬರಲಿ, ಇನ್ನಷ್ಟು ಬರಲಿ ಎಂಬುದೇ ನನ್ನ ಮಾತು.

ತೊಸೊನ್‌ತ್ಸೆಂಗೆಲ್ ಪಟ್ಟಣ ದಾಟಿ ಉವ್ಸ್ ಪ್ರಾಂತ್ಯದ ಕಡೆ ಸಾಗುವಾಗ, ಟಾರು ಇಲ್ಲದ ಕಡೆ ಹುಲ್ಲಿಗೆ ಏನಾಗುತ್ತದೆ ಎಂಬುದು ನನಗೆ ಕಣ್ಣಾರೆ ತಿಳಿಯಿತು. ಲಾರಿಗಳು ಓಡಾಡಿದ ಜಾಡು ಸುಕ್ಕು ತಗಡಿನಂತೆ ಅಲೆಅಲೆಯಾಗಿ ಗಟ್ಟಿಗೊಳ್ಳುತ್ತದೆ. ಹ್ಯಾಂಡಲ್ ಹಿಡಿದ ಕೈ ಜೋಮು ಹಿಡಿಯುತ್ತದೆ. ಆಗ ಚಾಲಕರೆಲ್ಲ ಪಕ್ಕದ ಹುಲ್ಲಿಗೆ ಇಳಿಯುತ್ತಾರೆ, ಅಲ್ಲೊಂದು ಹೊಸ ಜಾಡು ಏಳುತ್ತದೆ. ಅದೂ ಕೆಟ್ಟರೆ ಅದರ ಪಕ್ಕ ಇನ್ನೊಂದು. ಕೆಲವು ಕಣಿವೆಗಳಲ್ಲಿ ಹತ್ತಾರು ಜಾಡುಗಳು ಒತ್ತೊತ್ತಾಗಿ ಸಾಗಿ, ನೂರಾರು ಮೀಟರ್ ಅಗಲಕ್ಕೆ ನೆಲ ಬೋಳಾಗಿದೆ. ಹುಲ್ಲುಗಾವಲಿನ ಬಹುಭಾಗಕ್ಕೆ ವರ್ಷಕ್ಕೆ ಬೀಳುವ ಮಳೆ 200ರಿಂದ 300 ಮಿಲಿಮೀಟರ್. ಹುಲ್ಲು ಚಿಗುರಿ ಬೆಳೆಯಲು ಸಿಗುವುದು ಜೂನ್‌ನಿಂದ ಆಗಸ್ಟ್‌ವರೆಗಿನ ಕಾಲ ಮಾತ್ರ. ಬೇರು ಕಿತ್ತುಹೋದ ಕಡೆ ಮಣ್ಣನ್ನು ಗಾಳಿ ಹೊತ್ತೊಯ್ಯುತ್ತದೆ. ಮಳೆ ಸುರಿದರೆ ಚಕ್ರದ ಗುರುತೇ ಕೊರಕಲಾಗುತ್ತದೆ. ಅದೇ ದೇಶದ ಟಾರು ರಸ್ತೆಯ ಅಕ್ಕಪಕ್ಕ ಹಳೆಯ ಜಾಡುಗಳ ಮೇಲೆ ಹುಲ್ಲು ಮತ್ತೆ ಹಬ್ಬುತ್ತಿದ್ದುದನ್ನು ಕಂಡು ಸಂತೋಷಪಟ್ಟಿದ್ದೇನೆ.

ನಾನು ಚಳ್ಳಕೆರೆ ಸೀಮೆಯ ಕುರಿ ಸಾಕುವ ಮನೆಯ ಮಗಳು. ಅಮೃತಮಹಲ್ ಕಾವಲೆಂಬ ಹುಲ್ಲುಗಾವಲಿನ ಸಾವಿರಾರು ಎಕರೆ ದೊಡ್ಡ ಸಂಸ್ಥೆಗಳ ಪಾಲಾದಾಗ, ಅದು ಖಾಲಿ ಬಿದ್ದ ಜಾಗ ಎಂದು ಓದಿದವರು ಹೇಳುವುದನ್ನು ಕೇಳಿ ಬೆಳೆದವಳು. ಬೇಲಿಯಿಲ್ಲದ ನೆಲವನ್ನು ವಾರಸುದಾರರಿಲ್ಲದ ನೆಲವೆಂದು ಬಗೆಯುವ ಕಣ್ಣನ್ನು ಮಂಗೋಲಿಯಾಕ್ಕೆ ಬಂದ ಸವಾರರಲ್ಲಿ ಮತ್ತೆ ಕಂಡೆ. ಅಲ್ಲಿನ 1992ರ ಸಂವಿಧಾನದ ಪ್ರಕಾರ ಗೋಮಾಳವನ್ನು ಖಾಸಗಿ ಆಸ್ತಿ ಮಾಡಿಕೊಳ್ಳುವಂತಿಲ್ಲ. ಅಲ್ಲಿ ಬೇಲಿಯೂ ಇಲ್ಲ. ಆದರೆ ಯಾವ ಕಣಿವೆಯನ್ನು ಯಾವ ಋತುವಿನಲ್ಲಿ ಮೇಯಿಸಬೇಕು ಎಂಬುದು ದನಗಾಹಿ ಮನೆಗಳಿಗೆ ಚೆನ್ನಾಗಿ ಗೊತ್ತು.

ಅರ್ಖಾಂಗಾಯ್ ಪ್ರಾಂತ್ಯದಲ್ಲಿ ಒಂದು ಗೇರ್‌ನ, ಅಂದರೆ ಉಣ್ಣೆ ಕಂಬಳಿಯ ದುಂಡು ಮನೆಯ ಒಡತಿ, ನನಗೆ ಉಪ್ಪು ಹಾಕಿದ ಹಾಲಿನ ಚಹಾ ಬಸಿದು ಕೊಟ್ಟು ಎದುರಿನ ಗುಡ್ಡದ ಮರೆಯನ್ನು ತೋರಿಸಿದರು. ಅಲ್ಲಿ ಒಂದು ಕುರಿಯೂ ಇರಲಿಲ್ಲ, ಹುಲ್ಲು ಮೊಣಕಾಲುದ್ದ ನಿಂತಿತ್ತು. ಅದು ಅವರ ಚಳಿಗಾಲದ ಬೀಡು. ಗಾಳಿ ತಾಗದ ಆ ಜಾಗದ ಹುಲ್ಲನ್ನು ಬೇಸಿಗೆಯಿಡೀ ಮುಟ್ಟದೆ ಕಾಯುತ್ತಾರೆ. ದೂರದಿಂದ ಬಂದ ಸವಾರನ ಕಣ್ಣಿಗೆ ಟೆಂಟ್ ಹಾಕಲು, ಬೈಕ್ ಹಾರಿಸಲು ಇದಕ್ಕಿಂತ ಒಳ್ಳೆಯ ಜಾಗ ಬೇರೆ ಕಾಣದು. ಆ ಮನೆಯವರಿಗೆ ಅದು ಜನವರಿಯ ಮೇವು.

ಮೇವು ತೀರಿದರೆ ಏನಾಗುತ್ತದೆ ಎಂಬುದಕ್ಕೆ ಅವರಲ್ಲಿ ಝುದ್ ಎಂಬ ಹೆಸರಿದೆ. ಹಿಮ ಕವಿದು, ಮಂಜು ಹೆಪ್ಪುಗಟ್ಟಿ, ಜಾನುವಾರು ಹಸಿದು ಸಾಯುವ ಚಳಿಗಾಲ ಅದು. 2009-10ರ ಝುದ್‌ನಲ್ಲಿ 80 ಲಕ್ಷಕ್ಕೂ ಹೆಚ್ಚು ಜಾನುವಾರು ಸತ್ತವು. 2023-24ರಲ್ಲಿ 70 ಲಕ್ಷಕ್ಕೂ ಹೆಚ್ಚು. ಸುಮಾರು 35 ಲಕ್ಷ ಜನರ ದೇಶವದು. ಅಂಥ ಚಳಿಗಾಲದಲ್ಲಿ ಮೇವಿನ ಲಾರಿ ಬರಬೇಕಾದರೆ, ಹೆರಿಗೆಗೆ ಹೆಂಗಸು ಆಸ್ಪತ್ರೆ ಸೇರಬೇಕಾದರೆ, ದೂರದ ಹಾಸ್ಟೆಲಿನಿಂದ ಮಕ್ಕಳು ಮನೆಗೆ ಬರಬೇಕಾದರೆ ರಸ್ತೆ ಬೇಕು. ನಮ್ಮ ಸಾಹಸದ ರುಚಿಗಾಗಿ ಅವರು ಕೆಸರಿನಲ್ಲೇ ಉಳಿಯಲಿ ಎನ್ನುವುದು ನ್ಯಾಯವಲ್ಲ.

ಗಣಿ ಲಾರಿಗಳು ಮತ್ತು ಕ್ಯಾಶ್ಮೀರ್ ಉಣ್ಣೆಗಾಗಿ ಹೆಚ್ಚಿಸಿದ ಮೇಕೆಗಳು ಮಾಡುವ ಹಾನಿಯ ಮುಂದೆ ಬೈಕುಗಳದು ಎಷ್ಟು ಎಂದು ಕೇಳುವವರಿದ್ದಾರೆ. ಅವುಗಳ ಹಾನಿ ದೊಡ್ಡದು, ಒಪ್ಪುತ್ತೇನೆ. ದನಗಾಹಿಗಳೂ ಈಗ ಬೈಕ್ ಏರಿಯೇ ಮಂದೆ ಹೊಡೆಯುತ್ತಾರೆ. ಆದರೆ ಅವರದು ಹೊಟ್ಟೆಪಾಡು, ನಮ್ಮದು ಸಂತೋಷ. ಬಿಟ್ಟುಕೊಡುವುದಿದ್ದರೆ ಸಂತೋಷಕ್ಕೆ ಹೋದವರೇ ಮೊದಲು ಬಿಟ್ಟುಕೊಡಬೇಕು.

ಬೆಂಗಳೂರಿನಿಂದ ಇಂಥ ಸವಾರಿಗಳಿಗೆ ಜನರನ್ನು ಕರೆದೊಯ್ಯುವವರು ಹೊರಡುವ ಮೊದಲೇ ಕೆಲವು ಕಟ್ಟುಪಾಡು ಹಾಕಲಿ. ಇರುವ ಜಾಡುಗಳಲ್ಲಿ ಹೆಚ್ಚು ಸವೆದದ್ದನ್ನೇ ಹಿಡಿಯಬೇಕು. ಅದು ಅಲೆಅಲೆಯಾಗಿದ್ದರೆ ಟೈರಿನ ಗಾಳಿ ಸ್ವಲ್ಪ ಇಳಿಸಿ, ನಿಧಾನವಾಗಿ ಹೋಗಬೇಕು. ಮಳೆ ಬಂದ ದಿನ ಬೈಕ್ ನಿಲ್ಲಿಸಬೇಕು. ಕಲ್ಲಿನ, ಮರದ ಖಾಲಿ ಕೊಟ್ಟಿಗೆ ಕಂಡಲ್ಲಿ ಟೆಂಟ್ ಹಾಕಬಾರದು, ಅದು ಯಾರದೋ ಚಳಿಗಾಲದ ಬೀಡು. ಹತ್ತಿರದ ಗೇರ್‌ಗೆ ಹೋಗಿ ಕೇಳಬೇಕು. ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿಯ ಹುಲ್ಲಿನ ಬೆಟ್ಟಗಳನ್ನು ಏರುವ ನಮ್ಮ ಜೀಪು, ಬೈಕುಗಳಿಗೂ ಇದೇ ನಿಯಮ ಸಾಕು. ಇಷ್ಟನ್ನು ಪಾಲಿಸಲು ಒಪ್ಪದವರನ್ನು ಗುಂಪಿಗೆ ಸೇರಿಸಿಕೊಳ್ಳಬಾರದು. ದಾರಿಯಿಲ್ಲದ ಕಡೆ ಓಡಿಸುವ ಅರ್ಹತೆ, ದಾರಿ ಬಿಟ್ಟು ಇಳಿಯದೆ ಇರಬಲ್ಲವರಿಗೆ ಮಾತ್ರ ಇದೆ.