ಎರವಲು ಮಟ್ಟು, ಸ್ವಂತ ಸಂಕಟ

ರ‍್ಯಾಪ್ ಎಂದೊಡನೆ ಮೂಗು ಮುರಿಯುವ ಪಂಡಿತಮಿತ್ರರು ಚೆನ್ನೈನ ಸೋಫಿಯಾ ಅಶ್ರಫ್ ಅವರ ‘ಕೊಡೈಕನಾಲ್ ವೋಂಟ್’ ಹಾಡನ್ನೊಮ್ಮೆ ಕೇಳಬೇಕು. ಯೂನಿಲಿವರ್ ಒಡೆತನದ ಅಲ್ಲಿಯ ಥರ್ಮಾಮೀಟರ್ ಕಾರ್ಖಾನೆ ಮುಚ್ಚಿದ್ದು 2001ರಲ್ಲಿ. ಪಾದರಸದ ವಿಷ ಮಣ್ಣಿನಲ್ಲೇ ಉಳಿಯಿತು. ಕಾರ್ಮಿಕರು ವರ್ಷಗಟ್ಟಲೆ ಮೊರೆಯಿಟ್ಟರು. 2015ರಲ್ಲಿ ಈಕೆ ಕಂಪನಿಯ ಹೆಸರು ಹಿಡಿದೇ ಹಾಡಿದರು. ಲಕ್ಷಗಟ್ಟಲೆ ಜನ ಕೇಳಿದರು. 2016ರಲ್ಲಿ ಕಂಪನಿ 591 ಕಾರ್ಮಿಕರೊಡನೆ ಒಪ್ಪಂದಕ್ಕೆ ಬಂತು. ಗೆಲುವು ಕಾರ್ಮಿಕರ ಛಲದ್ದು, ನಿಜ. ಆದರೆ ಅವರ ಕೂಗನ್ನು ಬೆಟ್ಟದಿಂದಿಳಿಸಿ ಊರೂರಿಗೆ ಮುಟ್ಟಿಸಿದ್ದು ಈ ಹಾಡು.

ಮಟ್ಟು ನಿಕಿ ಮಿನಾಜ್ ಅವರಿಂದ ಎರವಲು ತಂದದ್ದು ಎಂಬುದು ನಿಮ್ಮ ಆಕ್ಷೇಪ. ನಮ್ಮ ರಂಗಗೀತೆಗಳು ಪಾರ್ಸಿ, ಮರಾಠಿ ಮಟ್ಟುಗಳನ್ನು ಎರವಲು ತರಲಿಲ್ಲವೇ? ಮಟ್ಟು ಯಾರದಾದರೇನು, ಸಂಕಟ ನಮ್ಮವರದು. ಅದಕ್ಕೆ ಬಾಯಿ ಕೊಟ್ಟದ್ದು ಕಾವ್ಯವಲ್ಲವಾದರೆ ನಾನು ತರಗತಿಯಲ್ಲಿ ಪಾಠ ಹೇಳುತ್ತಿರುವುದಾದರೂ ಏನನ್ನು?